ನಾಯಿಗಳನ್ನು ಹಿಡಿದು ನಿಂತ ವಾಚರ್

ಮಧುಗಿರಿ ಕಡೆಯ ಕೃಷ್ಣಮೃಗಗಳ ಹುಲ್ಲುಗಾವಲಿನ ಗೇಟಿಗೆ ನಾನು ಬೆಳಿಗ್ಗೆ ಹೋದಾಗ, ಫಾರೆಸ್ಟ್ ವಾಚರ್ ರತ್ನಮ್ಮ ಎರಡೂ ಕೈಯಲ್ಲಿ ನಾಲ್ಕು ನಾಯಿಗಳ ಸರಪಳಿ ಹಿಡಿದು ನಿಂತಿದ್ದರು. ಒಂದೂ ಅವರದಲ್ಲ. ಎದುರಿಗೆ ಹೊಸ ಲೇಔಟ್ ಆಗಿದೆ. ಅಲ್ಲಿನವರು ವಾಕಿಂಗಿಗೆ ನಾಯಿ ಸಮೇತ ಇಲ್ಲಿಗೇ ಬರುತ್ತಾರೆ.

"ಮೊದ್ಲು ಬೈತಿದ್ದೆ ಕಣಮ್ಮ. ಬೈದ್ರೆ ಬೇಲಿ ತೂರ್ಕಂಡು ಹೋಗೋರು. ಈಗ ನಾಯಿ ನಂತಾವ ಬುಟ್ಟು, ಅಂಚಿನ ದಾರೀಲಿ ನಡೀರಿ ಅಂತೀನಿ," ಎಂದರು.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕಂದು ನಾಯಿಯೊಂದಿಗೆ ಬಂದರು. "ಸೈಟು ಮಾರೋವಾಗ ಇದನ್ನ ಪಾರ್ಕು ಅಂದಿದ್ರು. ನನ್ನ ನಾಯಿ ಏನೂ ಮಾಡಲ್ಲ," ಎಂದು ಪಟ್ಟು ಹಿಡಿದರು.

ರತ್ನಮ್ಮ ಜಗಳಕ್ಕೆ ಹೋಗಲಿಲ್ಲ. "ಜಿಂಕೆ ಮರೀನ ಹುಲ್ಲಲ್ಲಿ ಮಲಗ್ಸಿ ತಾಯಿ ಮೇಯಕ್ಕೋಗಿರ್ತದೆ ಸಾ. ನಾಯಿ ಬಂದು ಮೂಸಿದ್ರೂ ಮರಿ ಎದ್ದು ಓಡಲ್ಲ, ಅಂಗೇ ಬಿದ್ದಿರ್ತದೆ," ಎಂದರು.

ಮೇಷ್ಟ್ರು ಹುಲ್ಲಿನತ್ತ ಬಹಳ ಹೊತ್ತು ನೋಡಿದರು. ಮರಿ ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಆಮೇಲೆ ಸರಪಳಿ ಚಾಚಿದರು. ರತ್ನಮ್ಮನ ಕೈಯಲ್ಲಿ ಜಾಗವಿರಲಿಲ್ಲ, ನಾನೇ ತೆಗೆದುಕೊಂಡೆ.

"ಗಟ್ಟಿಯಾಗಿ ಹಿಡ್ಕೊಳಮ್ಮ," ಎಂದು ಹೇಳಿ ಮೇಷ್ಟ್ರು ಒಬ್ಬರೇ ಅಂಚಿನ ದಾರಿಯಲ್ಲಿ, ಹೆಜ್ಜೆ ಹೆಜ್ಜೆಗೂ ನೆಲ ನೋಡಿಕೊಂಡು ನಡೆದರು.