ಜಡೆಮ್ಮನ ಬೂದಿ ಹುಂಜ

ಬಾಣಂತನ ಮುಗಿಸಿ, ಮೂರು ತಿಂಗಳ ಕೂಸನ್ನೆತ್ತಿಕೊಂಡು ಕುರುಗೋಡಿನ ತವರಿನಿಂದ ಕೆಂಚನಗುಡ್ಡಕ್ಕೆ ಬಂದ ಜಡೆಮ್ಮನಿಗೆ ಅಂಗಳದಲ್ಲಿ ಮೊದಲು ಕಂಡದ್ದು ಗಂಡನಲ್ಲ, ಒಂದು ಬಿಳಿ ಹುಂಜ. ಅದು ತಿಪ್ಪೆಯೇರಿ ಮನೆಯೆಲ್ಲ ತನ್ನದೇ ಎಂಬಂತೆ ಕೂಗುತ್ತಿತ್ತು.

“ಬೂದ್ಯಾ ಎಲ್ಲಿ?” ಎಂದಳು, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ.

ಗಂಡ ಉಜ್ಜಿನಪ್ಪ ಹಲ್ಲು ಕಿರಿದ. “ಬದಲಿ ಮಾಡಿದೆ. ಸರ್ಕಾರದ ಹುಂಜ ಇದು! ಬೂದ್ಯಾ, ಅವನ ಮೂರು ಗಂಡುಮರಿ ಎಲ್ಲಾ ಕೊಟ್ಟೆ. ನಾಡಹುಂಜ ಊರಾಗ ಒಂದೂ ಇರಬಾರದಂತ. ಇನ್ನ ಮ್ಯಾಲ ವರ್ಷಕ್ಕ ಇನ್ನೂರು ತತ್ತಿ.”

“ತತ್ತಿ ಹುಂಜ ಇಡತೈತೇನು?”

“ಲೇ, ಅದರ ಹೆಣ್ಣುಮರಿ ಇಡ್ತಾವಂತ...”

ಜಡೆಮ್ಮ ಕೋಳಿ ಸಾಕಿದ್ದು ತತ್ತಿಗಲ್ಲ, ಪುಕ್ಕಕ್ಕೆ. ಬಳ್ಳಾರಿಯ ಶಾಬುದ್ದೀನ್ ಸಾಹೇಬರು ಹುಂಜದ ಕೊರಳ ಪುಕ್ಕವನ್ನು ತೊಗಲಿನ ಸಮೇತ ಕೊಂಡು ಮದರಾಸಿಗೆ ಕಳಿಸುತ್ತಿದ್ದರು. ಪರದೇಶದವರು ಅದನ್ನು ಗಾಳದ ಕೊಕ್ಕೆಗೆ ಸುತ್ತಿ, ನೊಣದ ಹಾಗೆ ಮಾಡಿ ಮೀನು ಹಿಡಿಯುತ್ತಾರಂತೆ. “ಮೀನಿಗೆ ಇಷ್ಟು ಸಿಂಗಾರ ಬೇಕೇನ್ರಿ ಸಾಬ್ರ?” ಎಂದು ಬಿದ್ದುಬಿದ್ದು ನಕ್ಕವಳೇ ಆಮೇಲೆ ಹಟಕ್ಕೆ ಬಿದ್ದಳು. ಪುಕ್ಕ ಉದ್ದಕ್ಕಿರಬೇಕು, ಸಣ್ಣಗಿರಬೇಕು, ಬಾಗಿಸಿ ಬಿಟ್ಟರೆ ಚಿಮ್ಮಬೇಕು. ಅಂಥ ಹುಂಜವನ್ನಷ್ಟೇ ಹೇಂಟೆಗಳ ಜೊತೆ ಬಿಡುವಳು. ಉಳಿದವನ್ನು ಒಂದೂವರೆ ವರ್ಷ ಬಲಿಯಲು ಬಿಟ್ಟು ಕೊಯ್ದು, ಕೊರಳ ತೊಗಲಿಗೆ ಉಪ್ಪು ತಿಕ್ಕಿ, ಹಲಗೆಗೆ ಮೊಳೆ ಹೊಡೆದು ನೆರಳಲ್ಲಿ ಒಣಗಿಸುವಳು. ಬೂದಿ ಬಣ್ಣದ್ದು ಸಿಕ್ಕರೆ ಸಾಹೇಬರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಐದು ವರ್ಷ ಆರಿಸಿ, ಕೂಡಿಸಿ, ಎಪ್ಪತ್ತೆರಡನೇ ಇಸವಿಯಲ್ಲಿ ಬೂದ್ಯಾ ಹುಟ್ಟಿದ್ದ. ಅವನಿಗೀಗ ಎರಡು ವರ್ಷ.

ಮರುದಿನ ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಬಿಳಿ ಹುಂಜ ಹಿಡಿದು ಜಡೆಮ್ಮ ಸಿರುಗುಪ್ಪದ ಬಸ್ಸು ಹತ್ತಿದಳು.

“ಇಬ್ಬರಿಗೂ ಟಿಕೀಟೇನು, ಯಕ್ಕಾ?” ಎಂದ ಕಂಡಕ್ಟರ್.

“ಬಾಯಿ ಮಾಡಿದವರಿಗೆ ಕೊಡು.”

ಹುಂಜ ಬದಲಿಸುವ ಸರ್ಕಾರಿ ಕಚೇರಿಯಲ್ಲಿ ಕೋಳಿ ಸಾಹೇಬ ರಿಜಿಸ್ಟರು ತೆಗೆದು ಬೆರಳಿಟ್ಟು ತೋರಿಸಿದ. “ಯಜಮಾನರ ಸಹಿ ಐತಲ್ಲಮ್ಮ.”

“ಕಾಳು ಹಾಕಿದಾಕಿ ನಾನು. ಕಣ್ಣು ಬಾತಾಗ ತೊಳೆದಾಕಿ ನಾನು. ಸಹಿ ಹೆಂಗ ಆತನದಾತ್ರಿ? ನನ್ನ ಹುಂಜ ಕೊಡ್ರಿ.”

“ಬದಲಿ ಬಂದ ಹುಂಜ ಇಟ್ಕೊಳ್ಳಂಗಿಲ್ಲಮ್ಮ. ಅವತ್ತೇ ಹರಾಜಾತು. ಹೋಟೆಲಿನವ್ರು ತಗೊಂಡ್ರು.”

ಕೊಯ್ಯುವುದು ಜಡೆಮ್ಮನಿಗೆ ಹೊಸದಲ್ಲ. ಆದರೆ ಆ ಕೊರಳನ್ನು ಯಾರೋ ಕುದಿನೀರಿಗೆ ಅದ್ದಿ, ಪುಕ್ಕ ಕಿತ್ತು ಚರಂಡಿಗೆ ಎಸೆದಿದ್ದರು.

“ಎರಡು ವರ್ಷದ ಹುಂಜ ಅದು. ತಿಂದವ್ರ ಹಲ್ಲು ಮುರಿದಿರಬೇಕು. ಮುರೀಲಿ!” ಎನ್ನುತ್ತ ಬಿಳಿ ಹುಂಜವನ್ನು ಸಾಹೇಬನ ಕುರ್ಚಿಯ ಕಾಲಿಗೆ ಬಿಗಿದು ಕಟ್ಟಿದಳು. “ವಾಪಸ್ ಕೊಟ್ಟಿದ್ದಕ್ಕ ಸಹಿ ಬೇಕಾದ್ರ ಮನಿಗೆ ಬರ್ರಿ. ಯಜಮಾನಿ ನಾನದೀನಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಕೂಸು ಮಲಗಿತು. ಸಿಟ್ಟು ಮಲಗಲಿಲ್ಲ, ಲೆಕ್ಕ ಹಾಕತೊಡಗಿತು. ಹುಂಜಗಳು ಹೋದವು, ಬೂದ್ಯಾನ ನಾಲ್ಕು ಬೂದಿ ಹೆಣ್ಣುಮರಿಗಳು ಬೆಳೆದು ನಿಂತಿವೆ. ಹೇಂಟೆಗಳನ್ನು ಯಾರೂ ಕೇಳಿರಲಿಲ್ಲ. ತವರಿನಲ್ಲಿ ಕರಿ ಹುಂಜವಿದೆ. ಕುರುಗೋಡಿಗೆ ಈ ಬದಲಿ ಇನ್ನೂ ಮುಟ್ಟಿಲ್ಲ. ಬೂದ್ಯಾ ಹುಟ್ಟಿದ್ದೂ ಕರಿ ಹುಂಜಕ್ಕೆ, ಬೂದಿ ಹೇಂಟೆಯಿಂದಲೇ.

ಮನೆಗೆ ಬಂದವಳು ನಾಲ್ಕನ್ನೂ ಬುಟ್ಟಿಗೆ ತುಂಬಿ ಉಜ್ಜಿನಪ್ಪನ ಮುಂದಿಟ್ಟಳು. “ಹೊರು. ಕುರುಗೋಡಿಗೆ.”

“ಅತ್ತಿ ಕೇಳಿದ್ರ ಏನ್ ಹೇಳ್ಲಿ?”

“ಮಾಡಿದ್ದು ಹೇಳು.”

“ನೀನೂ ಬಾರಲ್ಲ.”

“ನಾನೇನ್ ಸಹಿ ಹಾಕೀನೇನು? ಬಿಳೇ ಹುಂಜ ಇವನ್ನ ಕೂಡೇತಿ, ಮೂರು ವಾರ ಅದರ ತಳೀ ತತ್ತೀನ ಬರ್ತಾವ, ಕಾವಿಗೆ ಇಡಬ್ಯಾಡಂತ ಅವ್ವಗ ಹೇಳು. ಅಷ್ಟೂ ನೀನ ಕುಂತು ತಿನ್ನು.”

ಅವನು ತಲೆಗೆ ಟವೆಲ್ ಸುತ್ತುತ್ತ ಮೆತ್ತಗೆ ಕೇಳಿದ, “ಮತ್ತ ಅಂಥ ಹುಂಜ ಆಗಾಕ ಎಷ್ಟು ದಿನ?”

“ಎರಡು ವರ್ಷ. ಹುಟ್ಟಿದ್ರ.”

ಉಜ್ಜಿನಪ್ಪ ಬುಟ್ಟಿ ಹೊತ್ತು ಹೊರಟ. ಓಣಿಯ ಕಟ್ಟೆಯಿಂದ ಯಾರೋ ಕೂಗಿದರು, “ಏನಲೇ, ಈ ಸಲ ಹೇಂಟಿ ಬದಲೀನೇನು?” ಕಟ್ಟೆಯ ತುಂಬ ನಗು. ಜಡೆಮ್ಮ ನಗಲಿಲ್ಲ. ಅವನು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದು, ಅಳತೊಡಗಿದ ಕೂಸನ್ನು ಎದೆಗೆ ಹಾಕಿಕೊಂಡಳು.