ಅಪ್ಪನ ಒಂದು ಎಳೆ

ಆ ಲೆಕ್ಕದ ಮಾಸ್ತರರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ಗಜೇಂದ್ರಗಡದಲ್ಲಿ ನಮ್ಮದು ಕೈಮಗ್ಗದ ಮನೆ. ಸೀರೆಯ ಉದ್ದಕ್ಕೆ ಅಪ್ಪ ನಾಲ್ಕು ಸಾವಿರ ಎಳೆ ಹಾಸುತ್ತಿದ್ದ, ಅದರ ಮೇಲೊಂದು ಹೆಚ್ಚಿಗೆ. ಮದುವೆಯಲ್ಲಿ ನೂರಕ್ಕೆ ಒಂದು ಸೇರಿಸಿ ಕೊಡುತ್ತೇವಲ್ಲ, ಹಾಗೆ.

ಏಳನೆಯ ಇಯತ್ತೆಯಲ್ಲಿ ಮಾಸ್ತರರು, ಮನೆಯಲ್ಲಿ ಬಳಸುವ ಯಾವುದಾದರೂ ದೊಡ್ಡ ಸಂಖ್ಯೆಯ ಅಪವರ್ತನ ಮಾಡಿಕೊಂಡು ಬನ್ನಿ ಅಂದರು. ನಾನು ೪೦೦೧ ಹಿಡಿದೆ. ಎರಡರಿಂದ ಅರವತ್ತೊಂದರವರೆಗಿನ ಹದಿನೆಂಟು ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿದೆ. ಪ್ರತಿ ಸಲ ಶೇಷ ಉಳಿಯಿತು. ಅರವತ್ತನಾಲ್ಕರ ವರ್ಗವೇ ೪೦೯೬, ಹಾಗಾಗಿ ಮುಂದೆ ಹುಡುಕುವ ಕಾರಣವಿರಲಿಲ್ಲ.

"ನಮ್ಮಪ್ಪ ಸೀರಿಗೆ ಹಾಸೂ ಎಳಿ ಲೆಕ್ಕರಿ ಸರ್, ಇದು ಯಾವುದಕ್ಕೂ ಹೋಗಂಗಿಲ್ಲ," ಅಂದೆ.

"ಇಷ್ಟು ದೊಡ್ಡ ಸಂಖ್ಯಾ ಯಾವುದಕ್ಕೂ ಹೋಗಂಗಿಲ್ಲಂತ! ನಿಮ್ಮಪ್ಪಗ ಎಳಿ ಎಣಸಾಕ ಬರಂಗಿಲ್ಲ. ಹೊರಗ ನಿಂದ್ರು."

ಇಡೀ ವರ್ಗ ನಕ್ಕಿತು. ಸಂಜೆ ಅಪ್ಪನಿಗೆ ಹೇಳಿ ಅತ್ತೆ. ಅವನು ಸಿಟ್ಟಾಗಲಿಲ್ಲ. ಮುಂದಿನ ಹಾಸಿನಲ್ಲಿ ಸರಿಯಾಗಿ ನಾಲ್ಕು ಸಾವಿರ ಎಣಿಸಿ ನಿಲ್ಲಿಸಿದ.

"ನನ್ನಿಂದ ನಿನಗ ಮಾತು ಬರೂದು ಬ್ಯಾಡವ್ವಾ," ಅಂದ. ಸಾಯುವವರೆಗೂ ಆ ಎಳೆ ಹಾಕಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಅಪ್ಪನ ಮಗ್ಗಕ್ಕೆ ನಾನು ಕೂತ ಮೇಲೆ ಮೊದಲ ಹಾಸಿನಲ್ಲೇ ಅದನ್ನು ವಾಪಸು ಹಾಕಿದೆ. ಹೋದ ವರ್ಷ ಆ ಮಾಸ್ತರರೇ ನರಗುಂದದಿಂದ ಬಂದರು, ಮಗಳ ಮದುವೆಗೆ ಸೀರೆ ನೇಯಿಸಲು. ನನ್ನ ಗುರುತು ಹತ್ತಲಿಲ್ಲ.

"ಉದ್ದಪಟ್ಟಿ ಎಲ್ಲಾ ಸಮ ಇರಬೇಕವ್ವಾ. ನಾ ಲೆಕ್ಕದ ಮಾಸ್ತರ, ಒಂದು ಎಳಿ ಫರಕಾದ್ರೂ ಕಣ್ಣಿಗೆ ಚುಚ್ಚತೈತಿ."

"ಆಗಲ್ರಿ ಸರ್. ನಾಲ್ಕು ಸಾವಿರದ ಒಂದು ಎಳಿ ಅದಾವು. ಪಟ್ಟಿಗೆ ಎಷ್ಟೆಷ್ಟು ಹಾಕಲಿ, ನೀವ ಹೇಳ್ರಿ."

ಕಾಗದ, ಪೆನ್ನು ಕೊಟ್ಟೆ. ಅವರು ಮೊಬೈಲ್ ತೆಗೆದರು.

"ಕೈಲೇ ಮಾಡ್ರಿ ಸರ್. ನಾನೂ ಕೈಲೇ ಮಾಡಿದ್ದೆ."

ಏಳಕ್ಕೆ ನಾಲ್ಕು ಉಳಿಯಿತು, ಹದಿಮೂರಕ್ಕೆ ಹತ್ತು. ಚಹಾ ಆರಿಹೋಯಿತು. ಅವರ ಹಣೆಯ ಬೆವರು ನೋಡುತ್ತ ಕೂತ ನನಗೆ ಎಂಥ ಸಮಾಧಾನ! ಅರವತ್ತೊಂದಕ್ಕೆ ಮೂವತ್ತಾರು ಉಳಿದಾಗ ಪೆನ್ನು ನಿಂತಿತು. ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

"ಯಾವುದಕ್ಕೂ ಹೋಗಂಗಿಲ್ಲ," ಅಂದರು, ಸಣ್ಣ ದನಿಯಲ್ಲಿ. "ಒಂದು ಎಳಿ ತಗದುಬಿಡವ್ವಾ."

"ನಿಮ್ಮ ಮಾತಿಗೆ ನಮ್ಮಪ್ಪ ಒಮ್ಮಿ ತಗದಾನ್ರಿ. ನಾ ತಗಿಯಂಗಿಲ್ಲ."

ಅವರಿಗೆ ಎಲ್ಲ ನೆನಪಾಯಿತು. "ತಪ್ಪಾತವ್ವಾ," ಅಂದರು. ಹಿರಿಯರು ಹಾಗಂದರೆ ನಮ್ಮಲ್ಲಿ "ಇರಲಿ ಬಿಡ್ರಿ" ಅನ್ನಬೇಕು. ನಾನು ಅನ್ನಲಿಲ್ಲ. ಆ ಮಾತು ಕೇಳಬೇಕಾದವನು ಮಗ್ಗದ ಮುಂದೆ ಇರಲಿಲ್ಲ.

ಸೀರೆ ನೇಯ್ದು ಕೊಟ್ಟೆ. ಒಂದು ಪಟ್ಟೆ ಉಳಿದವಕ್ಕಿಂತ ಒಂದೇ ಒಂದು ಎಳೆಯಷ್ಟು ಹೆಚ್ಚು ಅಗಲ. ಬೇರೆ ಯಾರಿಗೂ ಅದು ಕಾಣುವುದಿಲ್ಲ. ಮಗಳು ಉಟ್ಟಾಗಲೆಲ್ಲ ಅವರ ಕಣ್ಣು ಮಾತ್ರ ಅಲ್ಲಿಗೇ ಹೋಗಲಿ.