ಅವಳ ಅಣ್ಣನಿಗೆ ಕೋರ್ಟಿತ್ತು

ಇನ್ನೊಬ್ಬರ ಒಡವೆ ಕಂಡು, ಮನೆ ಕಂಡು ನನಗೆ ಹೊಟ್ಟೆಕಿಚ್ಚಾದದ್ದು ಕಡಿಮೆ. ನಿಜವಾಗಿ ಹೊಟ್ಟೆ ಉರಿದದ್ದು ಒಬ್ಬಳ ಮೇಲೆ, ಇರ್ವಿಂಗ್ ಊರಿನ ಹೊಲಿಗೆ ಅಂಗಡಿಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಬೋಸ್ನಿಯಾದ ಹೆಂಗಸಿನ ಮೇಲೆ. ಅವಳ ಅಣ್ಣನನ್ನೂ ಕೊಂದಿದ್ದರು, ನನ್ನ ಅಣ್ಣನನ್ನೂ ಕೊಂದಿದ್ದರು. ಅವಳ ಅಣ್ಣನಿಗೆ ಮಾತ್ರ ಕೋರ್ಟಿತ್ತು.

ಹತ್ತಿರದ ಲಾಸ್ ಕೊಲಿನಾಸ್ ಬಡಾವಣೆಯ ಆಫೀಸುಗಳಲ್ಲಿ ಕೆಲಸ ಮಾಡುವವರು ಪ್ಯಾಂಟು ಗಿಡ್ಡ ಮಾಡಿಸಲು, ಸೊಂಟ ಬಿಡಿಸಲು ನಮ್ಮ ಅಂಗಡಿಗೆ ಬರುತ್ತಿದ್ದರು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಯುದ್ಧ ಮುಗಿದ ಮೇಲೆ ನಿರಾಶ್ರಿತರ ಜೊತೆ ಮೊದಲು ಹ್ಯೂಸ್ಟನ್‌ಗೆ ಬಂದು, ಅಲ್ಲಿಂದ ಮಗಳ ಹಿಂದೆ ಈ ಊರಿಗೆ ಬಂದಿದ್ದಳು. ಇಬ್ಬರದೂ ಹರಕು ಇಂಗ್ಲಿಷು. ಅದಕ್ಕೇ ಏನೋ, ಸುತ್ತಿ ಬಳಸಿ ಮಾತಾಡುವುದು ಇಬ್ಬರಿಗೂ ಆಗುತ್ತಿರಲಿಲ್ಲ. ಅವಳ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಂದು ವರ್ಷ ಅವಳು ಹತ್ತು ದಿನ ರಜೆ ಕೇಳಿದಳು. ಹೇಗ್‌ಗೆ ಹೋಗಿ ಸಾಕ್ಷಿ ಹೇಳಬೇಕು ಅಂದಳು. ಹೇಗ್ ಅಂದರೆ ಆಸ್ಟಿನ್ ಕಡೆಯ ಯಾವುದೋ ಊರು ಅಂದುಕೊಂಡು, "ಬಸ್ಸಲ್ಲಿ ಹೋಗ್ತೀಯಾ?" ಎಂದು ಕೇಳಿದೆ. ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಅದು ಯುರೋಪಿನಲ್ಲಿದೆ, ಯುದ್ಧದಲ್ಲಿ ಊರಿಗೆ ಊರೇ ಕೊಲ್ಲಿಸಿದ ದೊಡ್ಡ ಮನುಷ್ಯರನ್ನು ವಿಚಾರಣೆ ಮಾಡುವ ಕೋರ್ಟು ಅಲ್ಲಿದೆ, ಅದನ್ನು ಹಲವು ದೇಶಗಳು ಸೇರಿ ಕಟ್ಟಿವೆ ಎಂದು ಆಮೇಲೆ ತಿಳಿಸಿದಳು. ಅವಳ ಊರಿನ ಗಂಡಸರನ್ನೆಲ್ಲ ಬೇರೆ ಮಾಡಿ ಬಸ್ಸಿಗೆ ಹತ್ತಿಸಿದ್ದರು. ಆ ಬಸ್ಸಿನಲ್ಲಿ ಅವಳ ಅಣ್ಣನೂ ಇದ್ದ. ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದ ಸೇನೆಯ ಅಧಿಕಾರಿಯನ್ನು ಅವಳು ಕಣ್ಣಾರೆ ಕಂಡಿದ್ದಳು.

ವಾಪಸು ಬಂದವಳು ಮಧ್ಯಾಹ್ನದ ಊಟಕ್ಕೆ ಕೂತಾಗ ಒಂದೊಂದೇ ಹೇಳಿದಳು. ವಿಮಾನ ಇಳಿದ ಕೂಡಲೇ ಕೋರ್ಟಿನ ಕಡೆಯ ಒಬ್ಬ ಹೆಂಗಸು ಬಂದು ಕೈ ಹಿಡಿದುಕೊಂಡಳಂತೆ, ಕೊನೆಯವರೆಗೂ ಬಿಡಲಿಲ್ಲವಂತೆ. ಮುಖ ಕಾಣದ ಹಾಗೆ ಪರದೆ ಹಾಕಬೇಕಾ, ದನಿ ಬದಲಿಸಬೇಕಾ ಎಂದು ಮೊದಲೇ ಕೇಳಿದರಂತೆ. ಬೇಡ ಅಂದಳಂತೆ. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಎಲ್ಲರ ಮಾತೂ ಅವಳ ಭಾಷೆಯಲ್ಲೇ ಕೇಳಿಸುತ್ತಿತ್ತಂತೆ. ಅತ್ತಾಗ ನ್ಯಾಯಾಧೀಶರು, ಸ್ವಲ್ಪ ಹೊತ್ತು ನಿಲ್ಲಿಸೋಣವೇ ಅಮ್ಮ, ಅಂದರಂತೆ.

ನಾನು ಚಿತ್ರಾನ್ನ ಕಲಸುತ್ತಾ ಕೂತಿದ್ದೆ. ಕೈ ಹಿಡಿಯಲು ಒಬ್ಬಳು. ಪರದೆ. ಅವಳ ಭಾಷೆ. ಆ ಸಂಜೆ ಅವಳು ಹೊಲಿದ ಪ್ಯಾಂಟಿನ ಅಂಚಿನಲ್ಲಿ ಒಂದು ಹೊಲಿಗೆ ತಪ್ಪಿತ್ತು. ಅದನ್ನು ಮಾಲೀಕನಿಗೆ ತೋರಿಸಿದೆ. ಅಂಥ ಕೆಲಸ ಅದಕ್ಕೆ ಮುಂಚೆ ನಾನು ಯಾವತ್ತೂ ಮಾಡಿರಲಿಲ್ಲ.

ನನ್ನ ಅಣ್ಣ ಟೈಲರ್. ಹೊಲಿಗೆ ಕಲಿಸಿದವನು ಅವನೇ. ಕೆಳಗೆ ಅಂಗಡಿ, ಮೇಲೆ ಮನೆ. ಹೆಮ್ಮಿಂಗು, ಕಾಜ ಎಲ್ಲ ನನ್ನ ಪಾಲಿನ ಕೆಲಸ. ಊರಲ್ಲಿ ಗಲಾಟೆಯಾದ ವಾರ, ಮೂರನೆಯ ದಿನ, ಅಂಗಡಿ ಬಾಗಿಲೆಳೆಯಲು ಕೆಳಗಿಳಿದವನು ಮತ್ತೆ ಮೇಲೆ ಬರಲಿಲ್ಲ. ನಾನು ಕಿಟಕಿಯಲ್ಲಿದ್ದೆ. ಐದಾರು ಜನ ಇದ್ದರು. ರಾಡು ಎತ್ತಿದವನು ನಮ್ಮ ಗಿರಾಕಿ. ಅವನ ಮೈಮೇಲಿದ್ದ ಹಳದಿ ಗೆರೆಯ ಅಂಗಿಗೆ ಹಿಂದಿನ ವಾರವಷ್ಟೇ ನಾನು ಕಾಜ ಹಾಕಿದ್ದೆ.

ನನಗಾಗ ಇಪ್ಪತ್ತು. ಮದುವೆ ಗೊತ್ತಾಗಿತ್ತು. ಪೊಲೀಸರು ಬರುವ ಮುಂಚೆ ಸೋದರಮಾವ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು, "ನೋಡಮ್ಮ, ಹೋದೋನು ಬರಲ್ಲ. ಕೋರ್ಟ್ ಮೆಟ್ಟಿಲು ಹತ್ತಿದ ಹುಡುಗೀನ ಯಾರು ಮನೆ ತುಂಬಿಸ್ಕೋತಾರೆ? ನೀನು ನಿದ್ದೆ ಮಾಡ್ತಿದ್ದೆ, ಅಷ್ಟೆ." ಅಣ್ಣನನ್ನು ಕೊಂದಾಗ ಹಗಲು ಹನ್ನೊಂದು ಗಂಟೆ. ಆದರೂ ಪೇದೆ ಹಾಗೇ ಬರೆದುಕೊಂಡ. "ಸದರಿ ಸಮಯದಲ್ಲಿ ನಾನು ನಿದ್ರೆಯಲ್ಲಿದ್ದು, ಯಾವುದನ್ನೂ ನೋಡಿರುವುದಿಲ್ಲ." ಓದಿ ಹೇಳಿದಾಗ ಅದು ನನ್ನ ಮಾತೆಂದು ನನಗೇ ಅನ್ನಿಸಲಿಲ್ಲ. ಸಹಿ ಮಾಡಿದೆ. ಕೊಂದವರು ಅಪರಿಚಿತರು ಎಂದು ಬರೆದು ಕೇಸು ಮುಚ್ಚಿದರು. ನನ್ನ ಮದುವೆಯಾಯಿತು. ಗಂಡನ ಜೊತೆ ಇಷ್ಟು ದೂರ ಬಂದೆ. ಅತ್ತಿಗೆ ಎರಡು ವರ್ಷದ ಮಗಳನ್ನಿಟ್ಟುಕೊಂಡು ಆ ಮನೆಯಲ್ಲೇ ಉಳಿದರು. ಅವರಿಗೂ ನಾನು ನಿದ್ದೆ ಮಾಡುತ್ತಿದ್ದೆ ಎಂದೇ ಹೇಳಿದ್ದೆ.

ಅವಳು ಸಾಕ್ಷಿ ಹೇಳಿ ಬಂದು ಮೂರು ವರ್ಷವಾದ ಮೇಲೆ ಆ ಕೋರ್ಟಿನ ತೀರ್ಪು ಬಂತು. ಅಧಿಕಾರಿಗೆ ಜೈಲಾಯಿತು. ಬೆಳಗ್ಗೆ ಅಂಗಡಿಗೆ ಬರುವಾಗ ಅವಳು ಒಂದು ಹಾಳೆ ಪ್ರಿಂಟ್ ಮಾಡಿಸಿ ತಂದಿದ್ದಳು. ಇಸ್ತ್ರಿ ಮೇಜಿನ ಮೇಲೆ ಅದನ್ನು ಹರಡಿ, ಒಂದು ಪ್ಯಾರಾದ ಮೇಲೆ ಬೆರಳಿಟ್ಟಳು.

"ಇದು ನಾನು ಹೇಳಿದ್ದು. ಬಸ್ಸು, ಬಾಗಿಲು, ಅಣ್ಣ ತಿರುಗಿ ನೋಡಿದ್ದು, ಎಲ್ಲಾ ಇದೆ. ನೋಡು."

ಸಾವಿರಾರು ಪುಟಗಳ ತೀರ್ಪಿನಲ್ಲಿ ಆರು ಸಾಲು. ಆ ಆರು ಸಾಲು ನನಗಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನಿನಗೇನಮ್ಮ, ಅದೃಷ್ಟವಂತೆ. ನಿನ್ನ ಅಣ್ಣನ ಸಾವಿಗೆ ಇಡೀ ಪ್ರಪಂಚ ಕೂತು ಲೆಕ್ಕ ಕೇಳ್ತು. ನನ್ನ ಅಣ್ಣನ್ನೂ ಹೊಡೆದು ಕೊಂದ್ರು, ನಮ್ಮೂರೇ ಮರೆತುಬಿಡ್ತು."

ಅವಳು ಹಾಳೆ ಮಡಿಸಿದಳು. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ನಿನ್ನ ಅಣ್ಣನ್ನ ಸುಟ್ಟಿರಾ, ಹೂತಿರಾ?"

"ಸುಟ್ವಿ."

"ಪೂರ್ತಿ ಇದ್ನಾ?"

ತಲೆ ಆಡಿಸಿದೆ.

"ನಮ್ಮೋನು ಎರಡು ಗುಂಡೀಲಿ ಸಿಕ್ಕ. ಸುಳಿವು ಸಿಗಬಾರ್ದು ಅಂತ ಹೂತ ಹೆಣಗಳನ್ನ ಮತ್ತೆ ಅಗೆದು ಬೇರೆ ಕಡೆ ಸಾಗಿಸಿದ್ರು. ತೊಡೆ ಒಂದರಲ್ಲಿ, ಪಕ್ಕೆಲುಬು ಇನ್ನೊಂದರಲ್ಲಿ. ತಲೆ ಇನ್ನೂ ಸಿಕ್ಕಿಲ್ಲ. ಇದ್ದಷ್ಟನ್ನ ಮಣ್ಣು ಮಾಡೋಣವಾ, ಮಿಕ್ಕಿದ್ದು ಸಿಗೋವರೆಗೂ ಕಾಯ್ತೀರಾ ಅಂತ ಅಮ್ಮನ್ನ ಕೇಳಿದ್ರು. ಕಾಯ್ತೀನಿ ಅಂದ್ಲು. ಕಾಯ್ತಾನೇ ತೀರಿಹೋದ್ಲು. ಬಾ ಸಿಸ್ಟರ್, ಬದಲಾಯಿಸ್ಕೊಳೋಣ. ಕೋರ್ಟು ನೀನು ತಗೋ. ಪೂರ್ತಿ ಇದ್ದ ಅಣ್ಣನ್ನ ನನಗೆ ಕೊಡು."

ನನ್ನನ್ನು ಕಂಡು ಹೊಟ್ಟೆಕಿಚ್ಚುಪಡುವವರೂ ಇದ್ದಾರೆ ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ. ಅವಳು ಮಿಷನ್ನಿಗೆ ದಾರ ಪೋಣಿಸುತ್ತಾ ಮತ್ತೆ ಕೇಳಿದಳು.

"ನಿಮ್ಮೂರಲ್ಲಿ ಯಾರೂ ನೋಡಿರ್ಲಿಲ್ವಾ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಪೇದೆ ಕೂಡ ಸೋದರಮಾವನನ್ನು ಕೇಳಿ ಬರೆದುಕೊಂಡಿದ್ದ.

"ನಾನು ನೋಡಿದ್ದೆ," ಅಂದೆ.

ಅವಳು ದಾರ ಬಿಟ್ಟು ನನ್ನ ಮುಖ ನೋಡಿದಳು. "ಹಾಗಿದ್ರೆ ನನ್ನ ಕೋರ್ಟಿನ ಮೇಲೆ ಯಾಕೆ ಕಣ್ಣು ನಿಂಗೆ? ನಿನ್ನ ಸಾಕ್ಷಿ ನಿನ್ನ ಹತ್ರಾನೇ ಇದ್ಯಲ್ಲ," ಅಂದಳು. ಮಿಷನ್ ಓಡಿಸಲು ಶುರು ಮಾಡಿದಳು.

ಆ ಭಾನುವಾರ ಬೆಳಗ್ಗೆ ಅತ್ತಿಗೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಹಿಂದಿನ ವರ್ಷ ಅವರ ಮಗಳ ಮದುವೆಯಾಗಿತ್ತು. ರಜೆ ಸಿಗದೆ ನಾನು ಹೋಗಿರಲಿಲ್ಲ. ಅದರ ಫೋಟೋ ಆಲ್ಬಂ ಬಂತಾ ಎಂದು ಅವರು ಕೇಳುತ್ತಿದ್ದಾಗಲೇ ಹೇಳಿದೆ, ಕಿಟಕಿಯಲ್ಲಿ ನಿಂತಿದ್ದೆ, ನಿದ್ದೆ ಮಾಡುತ್ತಿರಲಿಲ್ಲ ಎಂದು. ರಾಡು ಎತ್ತಿದವನ ಹೆಸರನ್ನೂ ಹೇಳಿದೆ.

ಅತ್ತಿಗೆ ಆ ಹೆಸರನ್ನು ನನ್ನಿಂದ ಇನ್ನೊಂದು ಸಲ ಹೇಳಿಸಿದರು.

"ಅವರು ಮದುವೆಗೆ ಬಂದಿದ್ರು ಕಣೇ," ಅಂದರು. "ಊರಿಗೆ ದೊಡ್ಡೋರು ಅಂತ ಮೊದಲ ಪಂಕ್ತೀಲೇ ಕೂರಿಸಿದ್ದೆ. ಹೋಳಿಗೆ ಸಾಕು ಅಂತ ಎಲೆಗೆ ಕೈ ಅಡ್ಡ ಇಟ್ರು. ನಾನೇ ಬಲವಂತ ಮಾಡಿ ಇನ್ನೊಂದು ಹಾಕ್ದೆ."

"ಅತ್ತಿಗೆ…"

"ನೀನು ಅವತ್ತೇ ಹೇಳಿದ್ದಿದ್ರೆ ಕೋರ್ಟಿಗೆ ಹೋಗೋ ಧೈರ್ಯ ನನಗೆ ಬರ್ತಿತ್ತೋ ಇಲ್ವೋ, ಗೊತ್ತಿಲ್ಲ. ಹೋಳಿಗೆಯಂತೂ ಬಡಿಸ್ತಿರ್ಲಿಲ್ಲ."

ಫೋನ್ ಇಟ್ಟರು. ಆಮೇಲೆ ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ.